ಕೀ ಸಿಕ್ಕರೆ ಸಾಲದು, ಬೀಗವೂ ಬದಲಾಗಬೇಕು

"ಆರ್.ಸಿ. ನೋಡದೆ ನಾನು ಕೀ ಮಾಡುವುದಿಲ್ಲ" ಎಂದರು ಕಾಸರಗೋಡಿನ ಹಳೆ ಬಸ್ ನಿಲ್ದಾಣದ ಹತ್ತಿರ ಕೀ ಮಾಡುವವರು. ಬೈಕಿನ ನಂಬರು ಕೇಳಿ, ನನ್ನೂರು ದಾವಣಗೆರೆಯ ಕೆಎ–17 ಎಂದು ಪುಸ್ತಕದಲ್ಲಿ ಬರೆದುಕೊಂಡ ಮೇಲೆ ಬಂದ ಮಾತು ಅದು. ನನಗೆ ಚುರುಕ್ಕೆಂದಿತು. ಗಡಿಯ ತಲಪಾಡಿಯಾಚೆಯ ಕರ್ನಾಟಕದವನೆಂಬ ಕಾರಣಕ್ಕೇ ಈ ಅನುಮಾನ ಎಂದುಕೊಂಡೆ. ಅವರಿಗೆ ನನ್ನ ಮುಖ ನೋಡಿಯೇ ತಿಳಿದಿರಬೇಕು. "ಬೇಸರ ಮಾಡಬೇಡಿ ಸಾರ್, ಇಲ್ಲಿಯದೇ ಕೆಎಲ್–14 ಆದರೂ ಕೇಳುತ್ತೇನೆ. ಈ ಪಕ್ಕದ ಅಂಗಡಿಯ ಅಣ್ಣನಿಗೂ ಕೇಳಿದ್ದೇನೆ" ಎಂದು ಅಚ್ಚ ಕನ್ನಡದಲ್ಲಿ ಹೇಳಿದರು. ಪಕ್ಕದ ಅಂಗಡಿಯವರು ಹೌದೆಂದು ತಲೆಯಾಡಿಸಿದರು.

ಮಧೂರು ದೇವಸ್ಥಾನಕ್ಕೆಂದು ನನ್ನ ಬೈಕಿನಲ್ಲಿ ಹೋಗಿದ್ದ ಭಾವಮೈದುನ ಜನಸಂದಣಿಯಲ್ಲಿ ಕೀ ಕಳೆದುಕೊಂಡಿದ್ದ. ದೇವಸ್ಥಾನದ ಕಚೇರಿ, ಚಪ್ಪಲಿ ಬಿಡುವ ಜಾಗ, ಸುತ್ತಲಿನ ಅಂಗಡಿಗಳು ಎಲ್ಲ ಕೇಳಿದ್ದಾಗಿತ್ತು. ದಾವಣಗೆರೆಯ ತಮ್ಮನಿಗೆ ಫೋನು ಮಾಡಿದರೆ ಅವನದು ಒಂದೇ ಉತ್ತರ: "ಅದಕ್ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತೀಯಣ್ಣಾ? ಅಮ್ಮನ ಬೀರುವಿನಲ್ಲಿ ಇನ್ನೊಂದು ಕೀ ಇದೆಯಲ್ಲ. ರಾತ್ರಿ ಮಂಗಳೂರು ಬಸ್ಸಿನ ಡ್ರೈವರ್ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ, ಬೆಳಿಗ್ಗೆ ಹೋಗಿ ಇಸಿದುಕೋ." ಅವನ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿದಿತ್ತು. ವರ್ಗಾವಣೆಯಾಗಿ ಇಲ್ಲಿಗೆ ಬರುವ ಮೊದಲಾಗಿದ್ದರೆ ನನ್ನ ಮಟ್ಟಿಗೂ ಮುಗಿಯುತ್ತಿತ್ತು.

ಕೀ ಮಾಡುವವರಿಗೆ ಇದನ್ನು ಹೇಳಿದೆ. ಅವರು ಕೈಯಲ್ಲಿದ್ದ ಅರವನ್ನು ಕೆಳಗಿಟ್ಟು, "ಬೀರುವಿನ ಕೀ ಇರಲಿ ಸಾರ್, ಬಿದ್ದುಹೋದ ಕೀ ಯಾರ ಕೈಯಲ್ಲಿದೆ?" ಎಂದು ಕೇಳಿದರು.

ನನ್ನ ಊರಿಗೂ ಈ ಊರಿಗೂ ನಾನು ಕಂಡ ವ್ಯತ್ಯಾಸವೆಲ್ಲ ಈ ಪ್ರಶ್ನೆಯಲ್ಲಿದೆ. ಕೀ ಕಳೆದರೆ ನಮ್ಮ ಕಡೆ ಬೈಕು ಹೇಗೆ ಶುರುವಾದೀತು ಎಂದಷ್ಟೇ ಯೋಚಿಸುತ್ತೇವೆ. ಪಿ.ಬಿ. ರಸ್ತೆಯಲ್ಲಿ ಯಾವ ಮೆಕ್ಯಾನಿಕ್ಕನನ್ನು ಕರೆದರೂ ಹ್ಯಾಂಡಲ್ ಹಿಡಿದು ಒಂದು ಸಲ ಜಗ್ಗಿ ಸ್ಟೇರಿಂಗ್ ಲಾಕ್ ಮುರಿಯುತ್ತಾನೆ, ವೈರು ಡೈರೆಕ್ಟ್ ಮಾಡಿ, ಬೇಕಿದ್ದರೆ ಟ್ಯಾಂಕಿನ ಕೆಳಗೊಂದು ಸ್ವಿಚ್ ಕೂರಿಸಿ ಕಳಿಸುತ್ತಾನೆ. ಆ ಸ್ವಿಚ್ಚಿನಲ್ಲೇ ವರ್ಷಗಟ್ಟಲೆ ಓಡಾಡುವವರನ್ನು ನಾನು ಬಲ್ಲೆ. ಪೆಟ್ರೋಲ್ ಮುಚ್ಚಳಕ್ಕೆ ಒಂದು ಕೀ, ಸೀಟಿಗೆ ಇನ್ನೊಂದು, ಇಗ್ನಿಷನ್ನಿಗೆ ಸ್ಕ್ರೂಡ್ರೈವರ್. ಬೈಕು ಓಡುತ್ತಿದೆಯಲ್ಲ, ಇನ್ನೇನು ಬೇಕು ಎಂಬ ಸಮಾಧಾನ. ಈ ಸಮಾಧಾನವೇ ನನಗೆ ಈಗ ಸಹಿಸಲಾಗದ್ದು.

ಕಾಸರಗೋಡಿನ ಈ ಮನುಷ್ಯರ ಕೆಲಸ ನೋಡಿ. ಮೊಬೈಲಿನಲ್ಲಿ ಆರ್.ಸಿ. ತೋರಿಸಿದ ಮೇಲೆ ಸ್ಕೂಟರ್ ಹತ್ತಿ ನನ್ನ ಜೊತೆ ಮಧೂರಿಗೆ ಬಂದರು. ಚಾಸಿ ನಂಬರನ್ನು ಆರ್.ಸಿ.ಯ ಜೊತೆ ಹೋಲಿಸಿ ನೋಡಿದರು. ಇಗ್ನಿಷನ್ ಮುಟ್ಟಲಿಲ್ಲ, ಹ್ಯಾಂಡಲ್ ಜಗ್ಗಲಿಲ್ಲ. ಪಕ್ಕದ ಡಬ್ಬಿಯ ಸಣ್ಣ ಲಾಕನ್ನು ಬಿಡಿಸಿ ಕೈಗೆ ತೆಗೆದುಕೊಂಡರು. ಅದರೊಳಗೆ ಸಾಲಾಗಿ ತೆಳುವಾದ ಹಿತ್ತಾಳೆಯ ಎಲೆಗಳಿರುತ್ತವೆ. ಒಂದೊಂದು ಎಲೆಯ ಅಳತೆಯೂ ಬೇರೆ. ಯಾವ ಎಲೆ ಎಷ್ಟು ಏಳಬೇಕೋ ಅದಕ್ಕೆ ತಕ್ಕಂತೆ ಕೀಯ ಹಲ್ಲಿನ ಆಳ. ಆ ಎಲೆಗಳನ್ನು ಓದಿ, ಖಾಲಿ ಕೀ ಹಿಡಿದು, ಅರದಿಂದ ಒಂದೊಂದೇ ಹಲ್ಲು ಕೊರೆದರು. ಒಂದು ಬೈಕಿನ ಲಾಕುಗಳೆಲ್ಲ ಒಂದೇ ಕೀಗೆ ತೆರೆಯುವಂತೆ ಕಾರ್ಖಾನೆಯಿಂದ ಬರುವುದರಿಂದ ಡಬ್ಬಿಯ ಲಾಕಿಗೆ ಹೊಂದಿದ ಕೀ ಇಗ್ನಿಷನ್ನಿಗೂ ಹೊಂದಿತು. ಎಲ್ಲೂ ಒಂದು ಗೀರೂ ಬೀಳಲಿಲ್ಲ. ದುಡ್ಡು ಕೊಡಹೋದರೆ, "ಇದು ಮನೆಗೆ ಹೋಗುವುದಕ್ಕೆ ಮಾತ್ರ ಸಾರ್. ನಾಳೆಯೇ ಶೋರೂಮಿನಲ್ಲಿ ಸೆಟ್ಟಿಗೆ ಹೇಳಿಬಿಡಿ" ಎಂದರು. ತಾನೇ ಮಾಡಿದ ಕೀಯನ್ನು ಬಹಳ ದಿನ ನಂಬಬೇಡಿ ಎನ್ನುವ ಕಸುಬುದಾರನನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಸೆಟ್ ಎಂದರೆ ಇಗ್ನಿಷನ್ ಮತ್ತು ಸ್ಟೇರಿಂಗ್ ಲಾಕ್ ಸೇರಿದ ಒಂದು ಭಾಗ, ಪೆಟ್ರೋಲ್ ಟ್ಯಾಂಕಿನ ಮುಚ್ಚಳ, ಸೀಟು ಅಥವಾ ಪಕ್ಕದ ಡಬ್ಬಿಯ ಲಾಕ್, ಎಲ್ಲಕ್ಕೂ ಒಂದೇ ಬಗೆಯ ಎರಡು ಕೀ. ದುಡ್ಡು ಉಳಿಸಲು ಇಗ್ನಿಷನ್ ಮಾತ್ರ ಬದಲಾಯಿಸಿದರೆ ಹಳೆಯ ಕೀ ಇನ್ನೂ ಪೆಟ್ರೋಲ್ ಕದಿಯಲು ಉಪಯೋಗಕ್ಕೆ ಬರುತ್ತದೆ. ಕೂರಿಸುವುದೂ ಸುಲಭದ ಮಾತಲ್ಲ. ಎಷ್ಟೋ ಬೈಕುಗಳಲ್ಲಿ ಇಗ್ನಿಷನ್ ಲಾಕನ್ನು ಹಿಡಿದಿಡುವ ಬೋಲ್ಟುಗಳು ಬಿಗಿ ಮಾಡಿದಾಗ ತಲೆ ಮುರಿದುಕೊಳ್ಳುವಂಥವು. ಕಳ್ಳ ಸ್ಪ್ಯಾನರ್ ಹಾಕಿ ಬಿಚ್ಚಬಾರದೆಂದೇ ಹಾಗೆ ಮಾಡಿರುತ್ತಾರೆ. ಅವನ್ನು ಡ್ರಿಲ್ ಹಾಕಿ ತೆಗೆದು ಹೊಸ ಬೋಲ್ಟು ಹಾಕಬೇಕು. ಎಲ್ಲ ಮುಗಿದ ಮೇಲೆ ಹ್ಯಾಂಡಲ್ ತಿರುಗಿಸಿ ಸ್ಟೇರಿಂಗ್ ಲಾಕ್ ಸರಿಯಾಗಿ ಬೀಳುತ್ತದೆಯೇ ಎಂದು ನೋಡಿಯೇ ಬೈಕು ತೆಗೆದುಕೊಳ್ಳಬೇಕು.

ಇಷ್ಟೆಲ್ಲ ಬೇಕೇ ಎಂದು ಕೇಳುವವರಿಗೆ ನನ್ನ ಚಿಕ್ಕಪ್ಪನ ಮಗನ ಕಥೆ ಹೇಳುತ್ತೇನೆ. ಅವನ ಕೀ ಕಳೆದದ್ದು ಸಂತೆಯಲ್ಲಿ. ಅದರ ಕೀಚೈನು ಬೈಕಿನ ನಂಬರ್ ಪ್ಲೇಟಿನ ಪಡಿಯಚ್ಚು. ನಮ್ಮ ಹುಡುಗರಿಗೆ ಹೊಸ ಬೈಕು ಕೊಂಡ ಕೂಡಲೇ ಅಂಥದೊಂದು ಮಾಡಿಸಿಕೊಳ್ಳುವ ಹುಮ್ಮಸ್ಸು. ಕೀ ಸಿಕ್ಕವನಿಗೆ ಅದು ಯಾವ ಬೈಕಿನದು ಎಂದು ಯಾರೂ ಹೇಳಬೇಕಾಗಿಲ್ಲ, ಕೀಯೇ ಹೇಳುತ್ತದೆ. ಇವನು ಮನೆಯಲ್ಲಿದ್ದ ಇನ್ನೊಂದು ಕೀ ತೆಗೆದುಕೊಂಡು ನಿಶ್ಚಿಂತೆಯಾಗಿ ಓಡಾಡಿದ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಮನೆಯ ಮುಂದೆ ಬೈಕಿಲ್ಲ. ಲಾಕ್ ಮುರಿದ ಚೂರಿಲ್ಲ, ಎಳೆದೊಯ್ದ ಗುರುತಿಲ್ಲ. ವಿಮೆಯವರು ಮೊದಲು ಕೇಳಿದ್ದೇ ಎರಡೂ ಮೂಲ ಕೀಗಳನ್ನು. ಕಳವಿನ ಪರಿಹಾರ ಕೇಳಿದಾಗ ವಿಮಾ ಕಂಪನಿಗಳು ಎಲ್ಲ ಕೀಗಳನ್ನೂ ಒಪ್ಪಿಸಲು ಹೇಳುವುದು ವಾಡಿಕೆ. ಇವನ ಹತ್ತಿರ ಇದ್ದದ್ದು ಒಂದು. ಇನ್ನೊಂದು ಕಳೆದಿದ್ದಕ್ಕೆ ಪೊಲೀಸರಿಗೆ ಕೊಟ್ಟ ಅರ್ಜಿಯಿಲ್ಲ, ಲಾಕ್ ಬದಲಾಯಿಸಿದ ಬಿಲ್ಲಿಲ್ಲ. ಕಂತು ಇನ್ನೂ ಬಾಕಿಯಿದ್ದ ಬೈಕು ಅದು. ಚಿಕ್ಕಮ್ಮ ಸಂಘದಲ್ಲಿ ಸಾಲ ತೆಗೆದು ತೀರಿಸಿದರು.

ನನ್ನ ಸಹೋದ್ಯೋಗಿ ಬದಿಯಡ್ಕದವರು. ಅವರ ಮನೆಯ ಬೈಕಿನ ಕೀ ಕಳೆದಾಗ ಆ ದಿನವೇ ಕೇರಳ ಪೊಲೀಸರ 'ತುಣ' ಜಾಲತಾಣದಲ್ಲಿ ದೂರು ಸಲ್ಲಿಸಿ, ಅದರ ಪ್ರತಿಯನ್ನೂ ಹೊಸ ಲಾಕ್ ಸೆಟ್ಟಿನ ಬಿಲ್ಲನ್ನೂ ವಿಮೆಯ ಪತ್ರದ ಜೊತೆಗೇ ಇಟ್ಟು, ವಿಮೆಯವರಿಗೆ ಇ-ಮೇಲ್ ಕಳಿಸಿದ್ದರಂತೆ. ಉಳಿದ ಹಳೆಯ ಕೀಯನ್ನೂ ಎಸೆದಿಲ್ಲ. ಇದನ್ನೆಲ್ಲ ಅವರು ದೊಡ್ಡ ವಿಷಯವೆಂಬಂತೆ ಹೇಳಲೇ ಇಲ್ಲ. ನಮ್ಮ ಕರ್ನಾಟಕ ಪೊಲೀಸರಲ್ಲೂ ಕಳೆದುಹೋದ ವಸ್ತುಗಳಿಗೆ ಇ-ಲಾಸ್ಟ್ ಸೌಲಭ್ಯವಿದೆ. ಆದರೆ ಬೈಕಿನ ಕೀ ಕಳೆಯಿತೆಂದು ಅದನ್ನು ಬಳಸಿದವರು ನನ್ನ ಬಳಗದಲ್ಲಿ ಒಬ್ಬರೂ ಇಲ್ಲ. ಸೌಲಭ್ಯದ ಕೊರತೆಯಲ್ಲ ಇದು, ಕೀ ಎಂದರೆ ನಮಗೆ ಲೆಕ್ಕಕ್ಕಿಲ್ಲ.

ಆರ್.ಸಿ. ಕೇಳುವುದರ ಬಗ್ಗೆಯೂ ನನ್ನ ಸಿಟ್ಟು ಇಳಿದಿದೆ. ಆರ್.ಸಿ.ಯಲ್ಲಿ ಎಂಜಿನ್ ನಂಬರಿರುತ್ತದೆ, ಚಾಸಿ ನಂಬರಿರುತ್ತದೆ, ಕೀಯ ನಂಬರು ಇರುವುದಿಲ್ಲ. ಈ ಕೀ ಈ ಬೈಕಿನ ಯಜಮಾನನ ಕೈಗೇ ಹೋಗುತ್ತಿದೆ ಎಂದು ನೋಡುವ ಯಾವ ಇಲಾಖೆಯೂ ಇಲ್ಲ. ಇರುವ ಒಬ್ಬನೇ ಕಾವಲುಗಾರ ಕೀ ಮಾಡುವವನು. ಅವನೂ ಕೇಳದಿದ್ದರೆ ಯಾರ ಬೈಕನ್ನು ಬೇಕಾದರೂ ಯಾರು ಬೇಕಾದರೂ ತೆರೆಸಿಕೊಂಡು ಹೋಗಬಹುದು. ಆರ್.ಸಿ. ಮನೆಯಲ್ಲಿದೆ ಎಂಬ ನೆಪವೂ ಈಗ ನಡೆಯುವುದಿಲ್ಲ. 2018ರಿಂದ ಮೊಬೈಲಿನ ಡಿಜಿಲಾಕರ್, ಎಂ-ಪರಿವಾಹನ ಆ್ಯಪ್‌ಗಳಲ್ಲಿರುವ ಆರ್.ಸಿ.ಗೂ ಮಾನ್ಯತೆ ಇದೆ. ದಾವಣಗೆರೆಯಲ್ಲಿ ಕೊಡೆಯ ಕೆಳಗೆ ಕೂತು ಕೀ ಮಾಡುವ ಪ್ರತಿಯೊಬ್ಬರೂ ಒಂದು ನೋಟ್‌ಬುಕ್ ಇಟ್ಟುಕೊಂಡು ಬೈಕಿನ ನಂಬರು, ಫೋನ್ ನಂಬರು ಬರೆದುಕೊಳ್ಳಲಿ ಎಂಬುದು ನನ್ನ ಆಸೆ. ಎರಡು ನಿಮಿಷದ ಕೆಲಸ.

ಹಾಗೆಂದು ಊರಿನವರನ್ನು ಪೂರ್ತಿ ತೆಗೆದುಹಾಕಲು ಮನಸ್ಸು ಬರುವುದಿಲ್ಲ. ಸಾಮಾನ್ಯ ಬೈಕಿನ ಸೆಟ್ಟಿಗೂ ಕೂಲಿ ಸೇರಿದರೆ ಸಾವಿರ ರೂಪಾಯಿ ದಾಟುತ್ತದೆ. ಶೋರೂಮಿನಲ್ಲಿ ಕೈಗೆ ಸಿಗುವಂತೆ ಇರುವುದೂ ಇಲ್ಲ, ತರಿಸಬೇಕು, ಕಾಯಬೇಕು. ಹಾಲು ಹಾಕುವವನು, ಗಾರೆ ಕೆಲಸಕ್ಕೆ ಹೋಗುವವನು ಆ ದಿನಗಳ ಸಂಪಾದನೆಯನ್ನು ಎಲ್ಲಿಂದ ತರಬೇಕು? ಡೈರೆಕ್ಟ್ ಮಾಡಿಕೊಡುವ ಮೆಕ್ಯಾನಿಕ್ ಅಂಥವನ ಹೊಟ್ಟೆಯ ಪಾಡನ್ನು ಬಲ್ಲವನು. ಅಪ್ಪನಿಗೆ ಎದೆನೋವು ಬಂದ ರಾತ್ರಿ, ಗಾಬರಿಯಲ್ಲಿ ನನ್ನ ತಮ್ಮನಿಗೆ ಕೀ ಎಲ್ಲಿಟ್ಟೆನೆಂದೇ ತಿಳಿಯದೆ ಹೋದಾಗ, ಮಲಗಿದ್ದ ಮೆಕ್ಯಾನಿಕ್ ಎದ್ದು ಬಂದು ಬೈಕು ಶುರು ಮಾಡಿಕೊಟ್ಟಿದ್ದ. ಆಗ ಅವನು ಆರ್.ಸಿ. ಕೇಳಿದ್ದರೆ ನಾವು ಏನಾಗುತ್ತಿದ್ದೆವು? ದುಡ್ಡನ್ನೂ ಮುಟ್ಟಲಿಲ್ಲ ಅವನು. ಇಲ್ಲಿ ಅಂಥ ರಾತ್ರಿ ಬಂದರೆ ಯಾರ ಬಾಗಿಲು ತಟ್ಟಬೇಕೆಂದು ನನಗಿನ್ನೂ ತಿಳಿದಿಲ್ಲ.

ಆದರೂ ಆ ರಾತ್ರಿಯ ಉಪಕಾರವನ್ನು ಹಗಲಿನ ಪದ್ಧತಿ ಮಾಡಿಕೊಂಡದ್ದು ತಪ್ಪೆಂದೇ ನಾನು ಹೇಳುವುದು. ಅಪ್ಪ ಆಸ್ಪತ್ರೆಯಿಂದ ಬಂದು ಎಷ್ಟೋ ಕಾಲವಾಯಿತು, ತಮ್ಮನ ಬೈಕು ಇವತ್ತಿಗೂ ಆ ಡೈರೆಕ್ಟ್ ವೈರಿನಲ್ಲೇ ಓಡುತ್ತಿದೆ. ಯುಗಾದಿಗೆ ಬರುವಾಗ ಸೆಟ್ಟಿನ ದುಡ್ಡು ತರುತ್ತೇನೆ, ಮುಂಚೆಯೇ ಶೋರೂಮಿಗೆ ಹೇಳಿಡು ಎಂದು ಅವನಿಗೆ ತಿಳಿಸಿದ್ದೇನೆ.