‘ನೆವರ್‌ಮೈಂಡ್’ ಮೊದಲ ಆಲ್ಬಮ್ ಅಲ್ಲ

ತುಮಕೂರಿನ ಕಾಲೇಜು ಹುಡುಗರ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಫಾರ್ವರ್ಡ್ ಓಡಾಡುತ್ತಿದೆ: ಅಮೆರಿಕದ ರಾಕ್ ಬ್ಯಾಂಡ್ ನಿರ್ವಾನಾದ ಮೊದಲ ಆಲ್ಬಮ್ಮೇ ‘ನೆವರ್‌ಮೈಂಡ್’, ಅದರಲ್ಲಿ ಡ್ರಮ್ಸ್ ಪೂರ್ತಿ ಡೇವ್ ಗ್ರೋಲ್ ಅವರದು ಅಂತ. ಎರಡೂ ತಪ್ಪು.

ಮೊದಲನೆಯದು 1989ರ ‘ಬ್ಲೀಚ್’. ಬರೀ 600 ಡಾಲರ್ ಚಿಲ್ಲರೆ ಖರ್ಚಿನಲ್ಲಿ ರೆಕಾರ್ಡ್ ಆಗಿದ್ದು! 1991ರ ಸೆಪ್ಟೆಂಬರಿನಲ್ಲಿ ಬಂದ ‘ನೆವರ್‌ಮೈಂಡ್’ ಎರಡನೆಯದು.

ಇನ್ನು ಡ್ರಮ್ಸ್. ಗ್ರೋಲ್ ಬ್ಯಾಂಡಿಗೆ ಸೇರಿದ್ದು 1990ರ ಕೊನೆಯ ಭಾಗದಲ್ಲಿ. ಆಲ್ಬಮ್‌ನಲ್ಲಿ ಅವರ ಕೈಚಳಕವೇ ಜಾಸ್ತಿ, ನಿಜ. ಆದರೆ ‘ಪಾಲಿ’ ಹಾಡು ಅದಕ್ಕೂ ಮುಂಚೆ, ಅದೇ ವರ್ಷದ ಏಪ್ರಿಲ್‌ನಲ್ಲಿ, ಮ್ಯಾಡಿಸನ್‌ನ ಸ್ಮಾರ್ಟ್ ಸ್ಟುಡಿಯೋಸ್‌ನಲ್ಲಿ ಆಲ್ಬಮ್ ನಿರ್ಮಾಪಕ ಬುಚ್ ವಿಗ್ ರೆಕಾರ್ಡ್ ಮಾಡಿದ್ದು. ಅದನ್ನೇ ಆಲ್ಬಮ್‌ಗೆ ಸೇರಿಸಿದರು. ಹೆಡ್‌ಫೋನ್ ಹಾಕಿ ಕೇಳಿ: ಗಿಟಾರ್, ಬಾಸ್, ಅಲ್ಲಲ್ಲಿ ಝಲ್ಲೆನ್ನುವ ಸಿಂಬಲ್ (ಡ್ರಮ್ಸ್ ಜೊತೆಗಿರುವ ಲೋಹದ ತಟ್ಟೆ). ಆ ಸಿಂಬಲ್ ಹಳೆಯ ಡ್ರಮ್ಮರ್ ಚಾಡ್ ಚಾನಿಂಗ್ ಅವರದು. ಪಾಪ, ಆಗ ಬಂದ ಕವರಿನಲ್ಲಿ ಅದಕ್ಕೆ ಅವರ ಹೆಸರೂ ಹಾಕಿರಲಿಲ್ಲ.