ಜನವರಿಯಲ್ಲಿ ಬರಬೇಕಿತ್ತು

ಶಿರಸಿಯಿಂದ ಹೊತ್ತು ತಂದ ಬಟ್ಟೆಗಳು ಬೆಂಗಳೂರಿನ ಬಾಲ್ಕನಿಯಲ್ಲಿ ಇನ್ನೂ ಆರಿಲ್ಲ. ನನ್ನ ಸಿಟ್ಟೂ ಆರಿಲ್ಲ. ದೂರದಿಂದ ಬಂದ ಹಳೆಯ ಗೆಳೆಯನಿಗೆ ಮನುಷ್ಯರಾದವರು ಮೊದಲು ಏನು ಹೇಳಬೇಕು? "ಬಾ, ಆಸರಿಗೆ ಏನು ಬೇಕು?" ಅದನ್ನು ಶಿರಸಿಯ ನನ್ನ ಗೆಳೆಯನ ಹೆಂಡತಿ ಕೇಳಿದರು, ಬಿಸಿ ಕಷಾಯವನ್ನೂ ಕೊಟ್ಟರು. ಗೆಳೆಯ ಮಾತ್ರ ಛತ್ರಿ ಮಡಚುತ್ತ ನಮ್ಮ ಚೀಲಗಳನ್ನು ಕನಿಕರದಿಂದ ನೋಡಿ, "ಛೇ, ಆಗಸ್ಟ್‌ನಲ್ಲಿ ಬಂದೆಯಲ್ಲ ಮಾರಾಯ! ಜನವರಿಯಲ್ಲಿ ಬರಬೇಕಿತ್ತು" ಎಂದ.

ಹಿಂದೊಮ್ಮೆ ಮಕ್ಕಳ ಬೇಸಿಗೆ ರಜೆಯಲ್ಲಿ ಹೋದಾಗ ಇದೇ ಆಸಾಮಿ ಇದೇ ಜಗುಲಿಯಲ್ಲಿ ಕವಳ ಮೆಲ್ಲುತ್ತ, "ಮೇ ತಿಂಗಳಲ್ಲಿ ಇಲ್ಲಿ ಏನಿದೆ, ಬರೀ ಬಂಡೆ. ಮಳೆಗಾಲದಲ್ಲಿ ಬಾ, ಆಗ ನೋಡು ಗಮ್ಮತ್ತು" ಎಂದಿದ್ದ. ಆ ಮಾತು ನಂಬಿ ಸ್ವಾತಂತ್ರ್ಯ ದಿನಾಚರಣೆಗೆ ರಜೆ ಜೋಡಿಸಿಕೊಂಡು ಹೋದವನು ನಾನು. ನೆನಪಿಸಿದೆ. "ಮಳೆಗಾಲ ಎಂದರೆ ಮಳೆ ಸ್ವಲ್ಪ ಕಡಿಮೆಯಾದ ಮೇಲೆ" ಎಂದ.

ಮೊದಲು ಸಹಸ್ರಲಿಂಗ. ಶಾಲ್ಮಲಾ ನದಿಯ ಬಂಡೆಬಂಡೆಗಳ ಮೇಲೆ ಸೋದೆ ಅರಸರ ಕಾಲದಲ್ಲಿ ಕಡೆದ ಲಿಂಗಗಳು, ನಂದಿಗಳು. ನಾವು ಕಂಡದ್ದು ದಡ ತುಂಬಿ ಹರಿಯುವ ಕೆಂಪು ನೀರು. "ಎಲ್ಲ ಕೆಳಗಿವೆ" ಎಂದು ಗೆಳೆಯ ಭರವಸೆ ಕೊಟ್ಟ. ನನ್ನ ಹೆಂಡತಿ ಅಂದಾಜಿನ ಮೇಲೆ ನೀರಿಗೇ ಕೈ ಮುಗಿದಳು. "ಶಿವರಾತ್ರಿಯ ಹೊತ್ತಿಗೆ ಬಂದಿದ್ದರೆ ಒಂದೊಂದನ್ನೂ ಮುಟ್ಟಿ ನೋಡಬಹುದಿತ್ತು" ಎಂದ ಗೆಳೆಯ.

ಮರುದಿನ ಉಂಚಳ್ಳಿ. ಅಘನಾಶಿನಿ ಇಲ್ಲಿ 116 ಮೀಟರ್ ಧುಮುಕುತ್ತಾಳೆ. ಹಳಬರು ಕೆಪ್ಪ ಜೋಗ ಎನ್ನುವ ಈ ಜಲಪಾತ ಅಂದು ನಮಗೆ ಕಿವಿಗಷ್ಟೇ ಸಿಕ್ಕಿತು. ಜಾರುವ ಮೆಟ್ಟಿಲಿಳಿದು ಕಟಕಟೆ ಹಿಡಿದು ನಿಂತರೆ ಎದುರಿಗೆ ಅಪ್ಪಟ ಬಿಳಿ. ಕಣಿವೆ ತುಂಬ ಮಂಜು, ಅದರ ಹೊಟ್ಟೆಯೊಳಗೆಲ್ಲೋ ಭೋರ್ಗರೆತ. ನಾವು ಸುಮ್ಮನೆ ವಾಪಸು ಹೊರಟಿದ್ದರೆ ಚೆನ್ನಾಗಿತ್ತು. ಗೆಳೆಯ ಛತ್ರಿಯನ್ನು ಮಂಜಿನೊಳಕ್ಕೆ ಚಾಚಿ ವಿವರಿಸತೊಡಗಿದ. "ಇಗೋ, ಇಲ್ಲಿಂದ ನೀರು ಬೀಳುತ್ತದೆ. ಇನ್ನೂ ಸ್ವಲ್ಪ ಎಡಕ್ಕೆ ನೋಡು. ಅಷ್ಟು ಎಡಕ್ಕಲ್ಲ. ಕೆಳಗೆ ಬಂಡೆಗೆ ಬಡಿದು ಹರಡಿಕೊಳ್ಳುತ್ತದೆ, ಕಂಡಿತೇ?" ಹುಬ್ಬಳ್ಳಿಯಿಂದ ಬಂದ ಕುಟುಂಬವೊಂದು ಹತ್ತಿರ ಸರಿದು ಕೇಳಿಸಿಕೊಳ್ಳತೊಡಗಿತು. ಆ ಮನೆಯ ಅಜ್ಜಿ, "ಹೌದೌದು, ಕಾಣುತ್ತದೆ" ಎಂದೂಬಿಟ್ಟರು! ಹುರುಪೇರಿ ಇವನು ಮತ್ತೊಮ್ಮೆ ಮೇಲಿನಿಂದ ಶುರು ಮಾಡಿದ. ಯಾರೋ ಅವನ ಛತ್ರಿಯ ತುದಿಯ ಫೋಟೋ ತೆಗೆದರು.

ಆಗ ನನ್ನ ಕಾಲಿನಲ್ಲಿ ತುರಿಕೆ. ಸಾಕ್ಸ್ ಸರಿಸಿದರೆ ಉಂಬಳ, ರಕ್ತ ಹೀರಿ ಉಬ್ಬಿ ಆರಾಮವಾಗಿದೆ. ಗೆಳೆಯ ಬಿಡುವಿಲ್ಲದೆ ಮಾತಾಡುತ್ತಲೇ ಜೇಬಿನಿಂದ ಕವಳದ ಸುಣ್ಣದ ಡಬ್ಬಿ ತೆಗೆದು ಕೊಟ್ಟ. ಬಗ್ಗಿ, ಸುಣ್ಣ ತಾಗಿಸಿ, ಅದು ಕಳಚಿ ಬೀಳುವುದನ್ನೇ ಕಾಯುತ್ತಿದ್ದೆ. ಮೇಲೆ "ಓಹೋ!" ಎಂದು ಒಕ್ಕೊರಲಿನ ಕೂಗು. ಎದ್ದು ನಿಲ್ಲುವಷ್ಟರಲ್ಲಿ ಮತ್ತೆ ಬಿಳಿ. ಮಂಜು ಸರಿದು ಇಡೀ ಜಲಪಾತ ಕಂಡಿತಂತೆ. ನನ್ನ ಹೆಂಡತಿಯೂ ನೋಡಿದಳಂತೆ. "ನಾನು ಹೇಳಿದ ಜಾಗದಲ್ಲೇ ಇತ್ತು" ಎಂದ ಗೆಳೆಯ. ಉಂಬಳವಿಲ್ಲದ ಕಾಲ ಯಾವುದೆಂದು ನಾನು ಕೇಳಲಿಲ್ಲ, ಅವನೇ ಹೇಳಿದ.

ಯಾಣದ ಮಾತು ಎತ್ತಿದೆ. ಉಂಬಳದ ಗಾಯಕ್ಕೆ ಅಂಟಿಸಿದ್ದ ಕಾಗದದ ಚೂರು ನೋಡಿ ಹೆಂಡತಿಯೇ ಬೇಡವೆಂದಳು.

ಕಾರವಾರದಲ್ಲಾದರೂ ನಮ್ಮ ಇನ್ನೊಬ್ಬ ಸಹಪಾಠಿ ಇದ್ದಾನೆಂದು ಘಟ್ಟ ಇಳಿದೆವು. ಧಾರವಾಡದ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು ನಾವು ಮೂವರು. ಕೂರ್ಮಗಡ ದ್ವೀಪಕ್ಕೆ ಹೋಗೋಣವೆಂದರೆ, ಈ ಕಡಲಿನಲ್ಲಿ ದೋಣಿ ಯಾರು ಬಿಡುತ್ತಾರೆ, ನರಸಿಂಹ ದೇವರ ಜಾತ್ರೆಗೆ ಬರಬೇಕಿತ್ತು ಎಂದ. ಯಾವಾಗ? ಜನವರಿಯಲ್ಲಿ. ಇಬ್ಬರೂ ಮೊದಲೇ ಫೋನಿನಲ್ಲಿ ಮಾತಾಡಿಕೊಂಡಿರಬೇಕು. ಠಾಕೂರ್ ಕಡಲತೀರದಲ್ಲಿ ಗಾಳಿಗೆ ಛತ್ರಿ ಉಲ್ಟಾ ಮಾಡಿಕೊಂಡು ನಿಂತಾಗ ಒಂದು ವಿಷಯ ಹೊಳೆಯಿತು. ರವೀಂದ್ರನಾಥ ಠಾಕೂರರು ಪ್ರಾಯದಲ್ಲಿ ಇಲ್ಲಿಗೆ ಬಂದು ಈ ಕಡಲು ಕಂಡು ಮರುಳಾದರು. ಅವರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದರು. ಬೇರೆ ತಿಂಗಳಲ್ಲಿ ಬರಬೇಕಿತ್ತು ಎಂದು ಆ ಪುಣ್ಯಾತ್ಮರು ತಮ್ಮನಿಗೆ ಹೇಳಿರಲಿಕ್ಕಿಲ್ಲ.

ರಾತ್ರಿ ಶಿರಸಿಗೆ ಮರಳಿ ಗೆಳೆಯನ ಮಾತುಗಳನ್ನೆಲ್ಲ ಕೂಡಿಸಿ ಲೆಕ್ಕ ಹಾಕಿದೆ. ಜಲಪಾತಕ್ಕೆ ಅಕ್ಟೋಬರ್, ಲಿಂಗಕ್ಕೆ ಶಿವರಾತ್ರಿ, ಆಲೆಮನೆಗೆ ಜನವರಿ, ಉಪ್ಪಿನಕಾಯಿಯ ಅಪ್ಪೆಮಿಡಿಗೆ ಅದೂ ಕಳೆಯಬೇಕು. ಮಾರಿಕಾಂಬೆಯ ಜಾತ್ರೆಯಂತೂ ಎರಡು ವರ್ಷಕ್ಕೊಮ್ಮೆ. ಅವನ ಊರನ್ನು ಪೂರ್ತಿ ನೋಡಬೇಕಾದರೆ ಅಲ್ಲೇ ಅಡಿಕೆ ತೋಟ ಕೊಳ್ಳಬೇಕು.

ಊಟವಾದ ಮೇಲೆ ಅವನು ಅಟ್ಟ ಹತ್ತಿ ಒಂದು ಮಣ್ಣಿನ ಗಡಿಗೆ ಇಳಿಸಿದ. ತೊಡೆದೇವು ಎಂಬ ತೆಳ್ಳನೆಯ ಸಿಹಿ ತಿಂಡಿ ಮಾಡುವ ಗಡಿಗೆ. ಬೋರಲು ಹಾಕಿ ಒಳಗೆ ಬೆಂಕಿ ಮಾಡಿ, ಕಬ್ಬಿನ ಹಾಲಿನಲ್ಲಿ ಕಲಸಿದ ತೆಳು ಹಿಟ್ಟಿಗೆ ಬಟ್ಟೆ ಸುತ್ತಿದ ಕೋಲನ್ನು ಅದ್ದಿ, ಒಂದೇ ಎಳೆತಕ್ಕೆ ಗಡಿಗೆಯ ಬೆನ್ನ ಮೇಲೆ ಬಳಿಯುತ್ತಿದ್ದರು ಅವನ ಅಮ್ಮ. ಹಾಸ್ಟೆಲಿಗೆ ಡಬ್ಬಿ ಬಂದರೆ ಸಂಜೆಯೊಳಗೆ ಖಾಲಿ. ಗಡಿಗೆಯ ಬೆನ್ನು ಈಗಲೂ ನುಣ್ಣಗೆ ಕಪ್ಪಗಿತ್ತು. ಅವನು ಅದರ ಧೂಳು ಒರೆಸುತ್ತ, "ಅಮ್ಮ ಇದ್ದಾಗ ಬರಬೇಕಿತ್ತು ನೀನು" ಎಂದ. ಅದೊಂದಕ್ಕೆ ನಾನು ಜಗಳ ತೆಗೆಯಲಿಲ್ಲ.

ಹೊರಡುವಾಗ ಹಲಸಿನ ಹಪ್ಪಳದ ಕಟ್ಟು ಕೊಟ್ಟು, ಹೋದ ವರ್ಷದ ಹಪ್ಪಳ ಇದಕ್ಕಿಂತ ಚೆನ್ನಾಗಿತ್ತು ಎಂದ.

ಅಕ್ಟೋಬರ್‌ನಲ್ಲಿ ಮದುವೆಯೊಂದಕ್ಕೆ ಬೆಂಗಳೂರಿಗೆ ಬರುತ್ತಾನಂತೆ, ಲಾಲ್‌ಬಾಗ್ ತೋರಿಸಬೇಕಂತೆ. ಫೋನಿನಲ್ಲಿ ಇದನ್ನು ಕೇಳಿದಾಗ ನನಗಾದ ಆನಂದ ಹೇಳತೀರದು. ಆಗಸ್ಟ್‌ನ ಫಲಪುಷ್ಪ ಪ್ರದರ್ಶನ ಮುಗಿದಿರುತ್ತದೆ, ಮುಂದಿನದು ಗಣರಾಜ್ಯೋತ್ಸವಕ್ಕೆ. "ಅಯ್ಯೋ, ಜನವರಿಯಲ್ಲಿ..." ಎಂದು ಬಾಯಿ ತೆರೆದೆ. "ಜನವರಿಯಲ್ಲಿ ಬೇಡ ಮಾರಾಯ, ಆ ಪ್ರದರ್ಶನದ ನೂಕುನುಗ್ಗಲಿನಲ್ಲಿ ಮರಗಳನ್ನು ಯಾರು ನೋಡುತ್ತಾರೆ! ಲಾಲ್‌ಬಾಗ್ ನೋಡಬೇಕಾದದ್ದೇ ಅಕ್ಟೋಬರ್‌ನಲ್ಲಿ" ಎಂದ.