ಈತನು ಕ್ಷೌರಿಕನೆಂದು ದೃಢೀಕರಿಸಲಾಗಿದೆ

ಕೊರೋನಾ ಕಾಲದಲ್ಲಿ ಸರ್ಕಾರ ದುಡಿಯುವವರ ಕೈ ಹಿಡಿಯಲಿಲ್ಲ ಎನ್ನುವವರ ನಾಲಿಗೆಗೆ ಎಲುಬಿಲ್ಲ. ಹಿಡಿಯಿತು ಸ್ವಾಮಿ. ಹಿಡಿಯುವ ಮುನ್ನ ಆ ಕೈ ಯಾರದು, ಅದರಲ್ಲಿ ಕತ್ತರಿ ಇದೆಯೋ ಇಸ್ತ್ರಿಪೆಟ್ಟಿಗೆ ಇದೆಯೋ, ಆಧಾರ್ ಲಿಂಕ್ ಆಗಿದೆಯೋ ಇಲ್ಲವೋ ಎಂದು ಒಂದಿಷ್ಟು ವಿಚಾರಿಸಿತು, ಅಷ್ಟೆ.

2020ರ ಮೇ 6ರಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು 1,610 ಕೋಟಿ ರೂಪಾಯಿಯ ಪ್ಯಾಕೇಜ್ ಪ್ರಕಟಿಸಿದರು. 60,000 ಅಗಸರಿಗೆ, 2,30,000 ಕ್ಷೌರಿಕರಿಗೆ, 7,75,000 ಆಟೋ, ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ, ಒಂದು ಸಲಕ್ಕೆ ಮಾತ್ರ. ಮಾರ್ಚ್ ಕೊನೆಯಲ್ಲಿ ಷಟರ್ ಎಳೆಸಿಕೊಂಡ ಕಟಿಂಗ್ ಶಾಪುಗಳು ಮತ್ತೆ ತೆರೆದದ್ದು ಮೇ 19ಕ್ಕೆ. ಭಾಗಿಸಿದರೆ ದಿನಕ್ಕೆ 90 ರೂಪಾಯಿ ಚಿಲ್ಲರೆ ಬೀಳುತ್ತದೆ. ಅದರಲ್ಲೇ ಅಂಗಡಿ ಬಾಡಿಗೆ, ಮನೆ ಬಾಡಿಗೆ, ಹಾಲು, ಗ್ಯಾಸು, ಅಮ್ಮನ ಬಿಪಿ ಮಾತ್ರೆ. ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂದು ಗೊಣಗುವವರಿದ್ದಾರೆ. ಅವರಿಗೆ ನಾನು ಹೇಳುವುದಿಷ್ಟೇ: ಮೊದಲು ಮಜ್ಜಿಗೆ ಕೈಗೆ ಬರಲಿ, ಆಮೇಲೆ ಅಳತೆ ಮಾಡೋಣ.

ಕೈಗೆ ಬರಬೇಕಾದರೆ ಬಿಪಿಎಲ್ ಕಾರ್ಡ್ ಬೇಕು, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಬೇಕು, ಎಲ್ಲಕ್ಕಿಂತ ಮಿಗಿಲಾಗಿ ವೃತ್ತಿ ಪ್ರಮಾಣಪತ್ರ ಬೇಕು. ಅಂದರೆ ಅರ್ಜಿದಾರನು ಕ್ಷೌರಿಕನೇ ಹೌದು ಎಂದು ಸರ್ಕಾರದ ಅಧಿಕಾರಿಯೊಬ್ಬರು ಸಹಿ ಹಾಕಿ, ಸೀಲು ಒತ್ತಿ ಕೊಟ್ಟ ಕಾಗದ. ಅಪ್ಪ, ತಾತನ ಕಾಲದಿಂದ ಊರಿನ ತಲೆಗಳನ್ನೆಲ್ಲ ಕೈಯಲ್ಲಿ ಹಿಡಿದವನಿಗೆ ತಾನು ಕ್ಷೌರಿಕನೆಂದು ಸಾಬೀತು ಮಾಡುವ ಅವಕಾಶ ಜೀವನದಲ್ಲಿ ಮೊದಲ ಸಲ ಒದಗಿ ಬಂದಿತ್ತು.

ಆ ಕಚೇರಿಯ ದೃಶ್ಯವನ್ನು ಕಲ್ಪಿಸಿಕೊಳ್ಳಿ. ಮೇಜಿನ ಆಚೆ ಸಾಹೇಬರು. ಎರಡು ತಿಂಗಳಿಂದ ಕತ್ತರಿ ಕಾಣದ ಕೂದಲು ಕಿವಿ ದಾಟಿ ಕಾಲರಿನ ಮೇಲೆ ಕೂತಿದೆ. ಮಾಸ್ಕಿನ ಎರಡೂ ಬದಿಗೆ ಗಡ್ಡ ಇಣುಕುತ್ತಿದೆ. ಒಂದು ಕಡೆ ಮೀಸೆಯನ್ನು ಮನೆಯಲ್ಲೇ ಟ್ರಿಮ್ ಮಾಡಲು ಹೋಗಿ ಎಡವಟ್ಟಾದ ಗುರುತೂ ಇದೆ.

‘ನೀನು ಕ್ಷೌರಿಕ ಅನ್ನೋದಕ್ಕೆ ಏನಪ್ಪಾ ದಾಖಲೆ?’

‘ಸಾರ್, ತಿಂಗಳಿಗೊಂದು ಸಲ ನಿಮ್ಮ ತಲೆ ನನ್ನ ಕೈಯಲ್ಲೇ ಇರ್ತಿತ್ತಲ್ಲ.’

‘ಅದೆಲ್ಲ ಬಾಯಿಮಾತು. ಅಂಗಡಿ ಲೈಸೆನ್ಸ್ ಇದೆಯಾ? ಕೆಲಸ ಮಾಡ್ತಿರೋ ಫೋಟೋ ಇದೆಯಾ?’

ಲೈಸೆನ್ಸ್ ಅಂಗಡಿ ಮಾಲೀಕನ ಹೆಸರಲ್ಲಿದೆ, ಇವನು ಅಲ್ಲಿ ಕುರ್ಚಿ ಲೆಕ್ಕದಲ್ಲಿ ದುಡಿಯುವವನು. ಫೋಟೋ ಬೇಕಾದರೆ ಈಗಲೇ ತೆಗೆಸಬಹುದು. ಆದರೆ ಕತ್ತರಿ ಹಿಡಿದು ಫೋಟೋ ತೆಗೆಸಿಕೊಂಡರೆ ಲಾಕ್‌ಡೌನ್ ಉಲ್ಲಂಘನೆಯ ಕೇಸು, ಹಿಡಿಯದಿದ್ದರೆ ಕ್ಷೌರಿಕನಲ್ಲ. ಇಷ್ಟು ಸೊಗಸಾದ ಪರೀಕ್ಷೆಯನ್ನು ಯಕ್ಷನೂ ಧರ್ಮರಾಯನಿಗೆ ಒಡ್ಡಿರಲಿಲ್ಲ.

ಆಟೋದವರ ಪಾಡು ಇನ್ನೂ ಚೆನ್ನಾಗಿತ್ತು. ಅವರು ಆನ್‌ಲೈನಿನಲ್ಲಿ ತುಂಬಬೇಕಾದದ್ದು ಡಿಎಲ್ ನಂಬರ್, ಬ್ಯಾಡ್ಜ್ ನಂಬರ್, ಗಾಡಿ ನಂಬರ್, ಚಾಸಿಸ್ ನಂಬರ್, ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎಂಬ ಪತ್ರ) ವಿವರ. ಡಿಎಲ್ ಕೊಟ್ಟವರು ಯಾರು? ಸರ್ಕಾರ. ಬ್ಯಾಡ್ಜ್? ಸರ್ಕಾರ. ಚಾಸಿಸ್ ನಂಬರನ್ನು ಬಗ್ಗಿ ನೋಡಿ ಬರೆದುಕೊಂಡು ಎಫ್‌ಸಿ ಮಾಡಿದವರು ಯಾರು? ಅದೂ ಸರ್ಕಾರವೇ. ತನ್ನ ಕಂಪ್ಯೂಟರಿನಲ್ಲೇ ಇರುವುದನ್ನು ಚಾಲಕನ ಬಾಯಲ್ಲಿ ಮತ್ತೆ ಒಪ್ಪಿಸಿಕೊಂಡು, ಒಂದಂಕಿ ಹೆಚ್ಚುಕಮ್ಮಿಯಾದರೆ ಅರ್ಜಿಯನ್ನು ತಿರಸ್ಕರಿಸುವುದಕ್ಕೆ ಡಿಜಿಟಲ್ ಆಡಳಿತ ಎನ್ನುತ್ತಾರೆ. ಇದೇ ಆಟೋ ಸಿಗ್ನಲ್ ಜಂಪ್ ಮಾಡಲಿ, ಕ್ಯಾಮೆರಾ ಒಂದು ನಂಬರ್ ಪ್ಲೇಟ್ ನೋಡಿದರೆ ಸಾಕು, ಮಾಲೀಕನ ಹೆಸರು, ವಿಳಾಸ, ಹಳೇ ಬಾಕಿ ಎಲ್ಲ ಹೊರಗೆ ಬೀಳುತ್ತದೆ. ದಂಡಕ್ಕೆ ಯಾರೂ ಅರ್ಜಿ ಹಾಕಬೇಕಾಗಿಲ್ಲ. ಅದು ತಾನಾಗಿಯೇ ಮನೆ ಬಾಗಿಲಿಗೆ ಬರುವ ಏಕೈಕ ಸರ್ಕಾರಿ ಸೇವೆ.

ಆಟೋ ಸಾಲದ ಕಂತನ್ನು ಆಗಸ್ಟ್ ಕೊನೆಯವರೆಗೂ ಕಟ್ಟದಿದ್ದರೆ ನಡೆಯುತ್ತದೆ ಎಂದು ರಿಸರ್ವ್ ಬ್ಯಾಂಕ್ ದಾರಿ ಮಾಡಿಕೊಟ್ಟಿತು. ಚಾಲಕ ಮನೆಯಲ್ಲಿ ಕೂತ, ಆಟೋ ಮರದ ಕೆಳಗೆ ನಿಂತಿತು. ಬಡ್ಡಿ ಮಾತ್ರ ಲಾಕ್‌ಡೌನ್ ಪಾಲಿಸದೆ ಓಡುತ್ತಲೇ ಇತ್ತು.

ಎಲ್ಲದಕ್ಕೂ ಕಾಗದ ಕೇಳಿದರು ಎಂದರೆ ಅನ್ಯಾಯವಾದೀತು. ಮೇ 4ರಂದು ಮದ್ಯದಂಗಡಿಗಳು ತೆರೆದಾಗ ಯಾರನ್ನೂ ಕುಡುಕನೆಂದು ದೃಢೀಕರಿಸಿದ ಪತ್ರ ತರಲು ಹೇಳಲಿಲ್ಲ. ಓಟಿಪಿ ಇಲ್ಲ, ಝೆರಾಕ್ಸ್ ಇಲ್ಲ. ಸುಣ್ಣದಲ್ಲಿ ಬರೆದ ವೃತ್ತದೊಳಗೆ ನಿಂತರೆ ಮುಗಿಯಿತು. ಪ್ಯಾಕೇಜ್ ಪ್ರಕಟವಾದ ದಿನವೇ ಅಬಕಾರಿ ಸುಂಕವೂ ಶೇ. 11 ಏರಿತು. ಬಜೆಟ್ಟಿನಲ್ಲಿ ಹಾಕಿದ್ದ ಶೇ. 6 ಸೇರಿ ಒಟ್ಟು ಶೇ. 17. ಪರಿಹಾರ ಬಂದ ಕೂಡಲೇ ಅದನ್ನು ಸುರಕ್ಷಿತವಾಗಿ ಖಜಾನೆಗೆ ವಾಪಸ್ ಕಳಿಸುವ ವ್ಯವಸ್ಥೆಯನ್ನೂ ಜೊತೆಗೇ ಮಾಡುವ ದೂರದೃಷ್ಟಿ ಎಲ್ಲರಿಗೂ ಇರುವುದಿಲ್ಲ.

ಹೂವಿನ ಬೆಳೆಗಾರರಿಗೆ ಹೆಕ್ಟೇರಿಗೆ 25,000. ಕೇಳಲು ಇಂಪಾಗಿದೆ. ಆದರೆ ಕನಕಾಂಬರ, ಕಾಕಡ ಬೆಳೆಯುವವರು ಹೆಕ್ಟೇರು ಎಂಬುದನ್ನು ಪಹಣಿಯಲ್ಲಷ್ಟೇ ಕಂಡವರು. ಅವರದೇನಿದ್ದರೂ ಗುಂಟೆ ಲೆಕ್ಕ. ಗುಂಟೆಗೆ ಇಳಿಸಿದರೆ ಸುಮಾರು 250 ರೂಪಾಯಿ. ಮದುವೆಗಳಿಲ್ಲ, ಜಾತ್ರೆಯಿಲ್ಲ, ದೇವಸ್ಥಾನಗಳ ಬಾಗಿಲು ಹಾಕಿದೆ. ಬಿಡಿಸಿದ ಹೂವನ್ನು ಹೊಲದ ಬದುವಿನಲ್ಲೇ ಸುರಿದವನಿಗೆ ಹತ್ತು ಗುಂಟೆಗೆ ಎರಡೂವರೆ ಸಾವಿರ. ಹೂ ಅವನು ಬೆಳೆದ, ಅವನ ಕಿವಿಗೇ ಇಟ್ಟರು.

ಕಟ್ಟಡ ಕಾರ್ಮಿಕರಿಗೆ ಮೊದಲು 2,000, ಆಮೇಲೆ 3,000 ಕೊಟ್ಟದ್ದು ದೊಡ್ಡ ಔದಾರ್ಯವೆಂದು ಜಾಹೀರಾಯಿತು. ಕಟ್ಟಡದ ವೆಚ್ಚದ ಮೇಲೆ ಶೇ. 1 ಸೆಸ್ ವಸೂಲು ಮಾಡಿ ಅವರ ಹೆಸರಿನಲ್ಲೇ ಕೂಡಿಡುವ ಕಲ್ಯಾಣ ಮಂಡಳಿಯೊಂದಿದೆ. ಅವರ ಗಂಟನ್ನು ಬಿಚ್ಚಿ ಅವರಿಗೇ ಕೊಟ್ಟು ಫೋಟೋ ತೆಗೆಸಿಕೊಳ್ಳುವುದು ಒಂದು ಕಲೆ. ಪ್ಯಾಕೇಜ್ ಪ್ರಕಟವಾದ ವಾರವೇ ಬಿಲ್ಡರುಗಳ ಜೊತೆ ಸಭೆ ನಡೆದ ಬೆನ್ನಿಗೇ, ಊರಿಗೆ ಹೊರಟು ನಿಂತಿದ್ದ ವಲಸೆ ಕಾರ್ಮಿಕರ ರೈಲುಗಳೂ ರದ್ದಾದವು. ಗದ್ದಲವೆದ್ದ ಮೇಲೆ ಮತ್ತೆ ಬಿಟ್ಟರು ಅನ್ನಿ. ಅಲ್ಲಿಯವರೆಗೆ ಅವರು ನಡೆದರು. ಇದರಲ್ಲಿ ನಗುವಂಥದ್ದು ನನಗೇನೂ ಸಿಗಲಿಲ್ಲ.

ದೆಹಲಿಗೆ ಬನ್ನಿ. ಮೇ 12ರ ರಾತ್ರಿ ಎಂಟಕ್ಕೆ ಪ್ರಧಾನಿಯವರು 20 ಲಕ್ಷ ಕೋಟಿ ಎಂದರು. ಮರುದಿನದಿಂದ ಸತತ ಐದು ದಿನ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅದನ್ನು ಬಿಡಿಸಿ ಹೇಳಿದರು, ಧಾರಾವಾಹಿಯ ಹಾಗೆ ದಿನಕ್ಕೊಂದು ಕಂತು. ನಾಲ್ಕನೇ ಕಂತಿನಲ್ಲಿ ಕಲ್ಲಿದ್ದಲು ಗಣಿ, ರಕ್ಷಣಾ ಉತ್ಪಾದನೆ, ವಿಮಾನ ನಿಲ್ದಾಣ, ಬಾಹ್ಯಾಕಾಶ ಬಂದವು. ಬೀಗ ಹಾಕಿದ ಟೈಲರ್ ಅಂಗಡಿಯ ಮುಂದೆ ಕೂತು ಟಿವಿ ನೋಡುತ್ತಿದ್ದವನಿಗೆ ಇನ್ನು ಮುಂದೆ ರಾಕೆಟ್ ಧಂದೆಗೂ ಖಾಸಗಿಯವರು ಬರಬಹುದು ಎಂದು ತಿಳಿದು ಎದೆಭಾರ ಇಳಿಯಿತು.

ಸಣ್ಣ ಉದ್ಯಮಗಳಿಗೆ 3 ಲಕ್ಷ ಕೋಟಿಯ ಅಡಮಾನರಹಿತ ಸಾಲ ಮೊದಲ ಕಂತಿನಲ್ಲೇ ಬಂದಿತ್ತು. ಯಾರಿಗೆ ಎಷ್ಟು? 2020ರ ಫೆಬ್ರುವರಿ 29ಕ್ಕೆ ಬ್ಯಾಂಕಿನಲ್ಲಿ ನಿಮ್ಮ ಸಾಲ ಎಷ್ಟು ಬಾಕಿ ಇತ್ತೋ ಅದರ ಶೇ. 20. ಸಾಲವೇ ಇರಲಿಲ್ಲವೇ? ಸೊನ್ನೆಯ ಶೇ. 20 ಎಷ್ಟೆಂದು ಯಾವ ಮೇಷ್ಟ್ರನ್ನಾದರೂ ಕೇಳಿ. ಹಾಸಿಗೆ ಇದ್ದಷ್ಟು ಕಾಲು ಚಾಚಿ, ಯಾರಿಗೂ ತಲೆ ಬಾಗದೆ ಮಿಕ್ಸರ್ ರಿಪೇರಿ ಅಂಗಡಿ ನಡೆಸಿದವನಿಗೆ ತನ್ನ ಅಪರಾಧ ಆವತ್ತು ಗೊತ್ತಾಯಿತು. ಮುಳುಗುವವನಿಗೆ ಹಗ್ಗ ಎಸೆಯುತ್ತೇವೆ, ಆದರೆ ಈಗಾಗಲೇ ಒಂದು ಹಗ್ಗ ಕೊರಳಲ್ಲಿರಬೇಕು.

2021ರಲ್ಲಿ ಎರಡನೇ ಅಲೆ ಮೊದಲನೆಯದಕ್ಕಿಂತ ಭೀಕರವಾಗಿ ಬಂತು. ಮೇ 19ರಂದು 1,250 ಕೋಟಿಯ ಹೊಸ ಪ್ಯಾಕೇಜ್ ಪ್ರಕಟವಾಯಿತು. ರೋಗ ದೊಡ್ಡದಾದಷ್ಟೂ ಔಷಧಿಯ ಡೋಸ್ ಚಿಕ್ಕದಾಗಬೇಕು ಎಂಬ ಹೊಸ ವೈದ್ಯಶಾಸ್ತ್ರದ ಪ್ರಕಾರ ಕ್ಷೌರಿಕರ 5,000 ಈ ಸಲ 2,000 ಆಯಿತು, ಚಾಲಕರದು 3,000. ಫಲಾನುಭವಿ ಚಾಲಕರ ಅಂದಾಜು 2,10,000. ಹಿಂದಿನ ವರ್ಷ 7,75,000 ಎಂದಿದ್ದರಲ್ಲ, ಉಳಿದ ಐದೂವರೆ ಲಕ್ಷಕ್ಕೂ ಮೇಲ್ಪಟ್ಟ ಚಾಲಕರು ಎಲ್ಲಿ ಹೋದರು ಎಂದು ಯಾವ ಪೊಲೀಸ್ ಠಾಣೆಯಲ್ಲೂ ನಾಪತ್ತೆ ದೂರು ದಾಖಲಾದಂತಿಲ್ಲ.

ಲೆಕ್ಕದಲ್ಲಿ ಹುಷಾರಾದ ಆಟೋದವರೊಬ್ಬರು ಸ್ಟ್ಯಾಂಡಿನಲ್ಲಿ ಆಗಲೇ ಇದರ ಸೂತ್ರ ಕಂಡುಹಿಡಿದಿದ್ದರು. ‘ಮೊದಲ ಅಲೆಗೆ 5,000, ಎರಡನೇದಕ್ಕೆ 3,000. ಮೂರನೇದಕ್ಕೆ 1,000 ಆಗುತ್ತೆ ಸಾರ್. ನಾಲ್ಕನೇ ಅಲೆ ಬಂದರೆ ನಾವೇ ಸರ್ಕಾರಕ್ಕೆ 1,000 ಕಟ್ಟಬೇಕು. ಆದರೆ ಒಂದು ಸಮಾಧಾನ, ಆಗ ಮಾತ್ರ ಸರ್ವರ್ ಡೌನ್ ಆಗಲ್ಲ.’